ಮನೆಯ ಗೋಡೆಗೆ ಇಪ್ಪತ್ತೆರಡು ತೂತು

ವಿಶ್ವಾರಾಧ್ಯನಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಕಡೂರಿನಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವನ ಹಾರ್ಡ್‌ವೇರ್ ಅಂಗಡಿ ಇದೆ. ನಾನು ತಿಪ್ಪೇಶ, ಮನೆಮನೆಗೆ ಹೋಗಿ ಗೋಡೆ ಕೊರೆದು ಕರ್ಟನ್ ರಾಡು, ಟಿವಿ ಸ್ಟ್ಯಾಂಡು, ಗೀಸರು, ಸತ್ತವರ ಫೋಟೊ ಎಲ್ಲವನ್ನೂ ಕೂರಿಸುವ ಫಿಟ್ಟರ್. ಒಂದೂವರೆ ತಿಂಗಳ ಹಿಂದೆ ಅವನು ಒಂದು ಬ್ಯಾಟರಿ ಡ್ರಿಲ್ ಮಿಷನ್ ನನ್ನ ಕೈಗಿಟ್ಟು, ಹತ್ತು ದಿನ ಉಪಯೋಗಿಸಿ ನೋಡು, ದಿನದ ಕೆಲಸಕ್ಕೆ ಆಗುತ್ತದೆ ಅಂತ ನೀನು ಹೇಳಿದರೆ ಮಾತ್ರ ಇನ್ನೊಂದಷ್ಟು ತರಿಸುತ್ತೇನೆ ಅಂದಿದ್ದ. ನನ್ನ ಬಾಯಿ ಕೆಟ್ಟದ್ದು, ಆದರೆ ಸಾಮಾನಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ ಅಂತ ಅವನಿಗೆ ನಂಬಿಕೆ. ಈಗ ದಿನಾ ಫೋನ್ ಮಾಡುತ್ತಾನೆ. ನಾನು ಎತ್ತುವುದಿಲ್ಲ. ಮಿಷನ್ ಕೆಡಿಸಿಕೊಂಡು ಕೂತಿದ್ದಾನೆ ಅಂದುಕೊಂಡಿರಬೇಕು.

ಮಿಷನ್‌ಗೆ ಏನೂ ಆಗಿಲ್ಲ. ಆಗಿದ್ದು ನಮ್ಮ ಮನೆಗೆ. ನನ್ನ ತಮ್ಮ ತಿಮ್ಮೇಶನ ಹೆಂಡತಿ ಧನ್ಯಶ್ರೀ ತವರಿಗೆ ಹೋಗಿ ತಿಂಗಳಾಗುತ್ತ ಬಂತು. ಅವಳು ವಾಪಸ್ ಬರುವುದು ನನ್ನ ಒಂದೇ ಒಂದು ಮಾತಿನ ಮೇಲೆ ನಿಂತಿದೆ. ಅದು ಏನು ಮಾತು ಅನ್ನುವುದಕ್ಕೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕು.

ಮಿಷನ್ ವಿಷಯ ಮೊದಲು ಹೇಳಿ ಮುಗಿಸುತ್ತೇನೆ, ಅದು ಸುಲಭ. ಬ್ಯಾಟರಿ ಡ್ರಿಲ್ ಅಂದರೆ ನನಗೆ ಮೊದಲಿನಿಂದಲೂ ಆಗದು. ಫೋನಿನಲ್ಲಿ ಒತ್ತಿ ತರಿಸುವ ಅಗ್ಗದ ಆಟಿಕೆಗಳನ್ನು ಕಂಡರೆ ಮೈ ಉರಿಯುತ್ತದೆ. ಅವು ಗಾರೆ ದಾಟಿ ಇಟ್ಟಿಗೆ ಸಿಕ್ಕಿದ ತಕ್ಷಣ ಕಿರುಗುಟ್ಟಿ ನಿಂತುಬಿಡುತ್ತವೆ. ದುಬಾರಿಯವು ದೊಡ್ಡ ಕಂಟ್ರಾಕ್ಟರುಗಳಿಗೆ ಸರಿ, ನನ್ನಂಥವನು ಅವನ್ನು ಮುಟ್ಟಿ ನೋಡಿ ಇಟ್ಟು ಬರಬೇಕು ಅಷ್ಟೆ. ಇದು ನಡುವಿನದು. ಎರಡು ಬ್ಯಾಟರಿ, ಒಂದು ಚಾರ್ಜರು, ಕೊರೆಯುವ ಬಿಟ್ಟನ್ನು ಹಿಡಿದುಕೊಳ್ಳಲು ಕೈಯಲ್ಲೇ ಬಿಗಿಯುವ ಚಕ್ಕು. ಮೂತಿಯ ಹತ್ತಿರ ಒಂದು ಉಂಗುರ ಇದೆ. ಅದನ್ನು ಸುತ್ತಿಗೆ ಗುರುತಿಗೆ ತಿರುಗಿಸಿದರೆ ಬಿಟ್ ತಿರುಗುತ್ತಲೇ ಮುಂದಕ್ಕೆ ಕುಟ್ಟುತ್ತದೆ. ಗೋಡೆ ಬಗ್ಗುವುದು ಹಾಗೆ ಕುಟ್ಟುವುದಕ್ಕೇ.

ಮೊದಲ ದಿನ ಪಂಚನಹಳ್ಳಿಯಲ್ಲಿ ಹೊಸ ಮನೆಯೊಂದರ ಕರ್ಟನ್ ಕೆಲಸ. ಸಿಮೆಂಟ್ ಬ್ಲಾಕಿನ ಗೋಡೆ, ಆರು ಎಂಎಂ ಬಿಟ್, ಒಂದು ಬ್ಯಾಟರಿಗೆ ನಲವತ್ತೊಂದು ತೂತು. ಪರವಾಗಿಲ್ಲ ಅನ್ನಿಸಿತು. ಎರಡನೆಯ ದಿನ ದೇವನೂರಿನಲ್ಲಿ ಒಂದು ಹಳೆಯ ಮನೆ, ಕಲ್ಲಿನ ಕಂಬಕ್ಕೆ ಗೇಟಿನ ಕೊಂಡಿ ಹಾಕಬೇಕಿತ್ತು. ಅಲ್ಲಿ ಇದರ ಆಟ ನಡೆಯಲಿಲ್ಲ. ಐದು ನಿಮಿಷ ಕುಟ್ಟಿದರೂ ಕಲ್ಲಿನ ಮೇಲೆ ಬೆರಳುಗುರಿನಷ್ಟು ಗುಳಿ, ಬಿಟ್ಟಿನ ತುದಿ ಸುಟ್ಟು ನೀಲಿಯಾಯಿತು. ಕಡೆಗೆ ನನ್ನ ಹಳೆಯ ಕರೆಂಟ್ ಮಿಷನ್ನೇ ತೆಗೆದೆ. ಆದರೆ ಹೊಸದರ ತೂಕ ಹಳೆಯದರ ಅರ್ಧ. ಏಣಿಯ ಮೇಲೆ ನಿಂತು ಒಂದು ಗಂಟೆ ಎತ್ತಿ ಹಿಡಿದರೂ ರಟ್ಟೆ ನೋಯುವುದಿಲ್ಲ. ನಲವತ್ತೈದು ದಾಟಿದವನಿಗೆ ಅದೇ ದೊಡ್ಡದು. ಒಳ್ಳೆಯ ಮಿಷನ್, ನಾನು ಸುಳ್ಳು ಹೇಳುವುದಿಲ್ಲ.

ನಮ್ಮ ಕೆಲಸದಲ್ಲಿ ಒಂದು ಕ್ರಮ ಇದೆ. ಯಾರ ಮನೆಗೇ ಹೋಗಲಿ, ಚೀಲ ಇಳಿಸುವ ಮುಂಚೆ ಮನೆಯ ಹೆಂಗಸರನ್ನು ಕೇಳುತ್ತೇನೆ: ಮನೆಯಲ್ಲಿ ಬಸುರಿ ಇದ್ದಾರೇನವ್ವಾ? ಇದ್ದರೆ ಗೋಡೆ ಮುಟ್ಟುವುದಿಲ್ಲ. ಬಸುರಿ ಇರುವ ಮನೆಯಲ್ಲಿ ಮೊಳೆ ಹೊಡೆಯಬಾರದು, ಗೋಡೆ ಕೊರೆಯಬಾರದು, ಹೊಸ್ತಿಲು ಕೀಳಬಾರದು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಮಾತು. ನಾನು ಕೇಳದಿದ್ದರೂ ಅವರೇ ಹೇಳುತ್ತಾರೆ. ದೇವನೂರಿನಲ್ಲೇ ಒಮ್ಮೆ ಒಬ್ಬ ಮುದುಕಿ ನನಗೆ ಕಾಫಿ ಕೊಟ್ಟು, ಸೊಸೆಗೆ ಏಳು ತುಂಬಿದೆ, ಹೆರಿಗೆ ಆಗಿ ಬಾಣಂತನ ಮುಗಿದ ಮೇಲೆ ಬಾ ಅಂತ ಕಳಿಸಿದ್ದಳು. ನನಗೆ ನಂಬಿಕೆ ಇದೆಯೋ ಇಲ್ಲವೋ ಅಂತ ಯಾರೂ ಕೇಳಿಲ್ಲ, ನಾನೂ ಕೇಳಿಕೊಂಡಿಲ್ಲ. ಕೇಳುವುದು ಕೆಲಸದ ಮರ್ಯಾದೆ. ಇಪ್ಪತ್ತು ವರ್ಷದಲ್ಲಿ ಆ ಪ್ರಶ್ನೆ ಕೇಳದೆ ನಾನು ಮಿಷನ್ ಎತ್ತಿದ್ದು ಒಂದೇ ಮನೆಯಲ್ಲಿ, ನಮ್ಮ ಮನೆಯಲ್ಲಿ. ಉತ್ತರ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ನಮ್ಮದು ನಾಲ್ಕೇ ಜನದ ಮನೆ. ಅಮ್ಮ ದ್ಯಾಮಮ್ಮ, ನಾನು, ತಿಮ್ಮೇಶ, ಧನ್ಯಶ್ರೀ. ತಿಮ್ಮೇಶ ತರೀಕೆರೆಯ ಒಂದು ರೈಸ್‌ಮಿಲ್ಲಿನಲ್ಲಿ ಆಪರೇಟರು, ಬೆಳಿಗ್ಗೆ ಹೋದರೆ ಸಂಜೆ ಬರುತ್ತಾನೆ. ನನಗೆ ಮದುವೆಯಾಗಲಿಲ್ಲ. ನನ್ನ ಸಿಟ್ಟು ಕಂಡು ಎರಡು ಕಡೆಯವರು ಓಡಿಹೋದರು ಅಂತ ಅಮ್ಮ ಹೇಳುತ್ತಾಳೆ, ನಾನು ಇಲ್ಲ ಅನ್ನುವುದಿಲ್ಲ. ಆ ಸಿಟ್ಟಿಗೆ ಹೆದರದೆ ಇದ್ದವಳು ಧನ್ಯಶ್ರೀ ಒಬ್ಬಳೇ. ನಾನು ಸಾರಿಗೆ ಉಪ್ಪಿಲ್ಲ ಅಂತ ಕೂಗಾಡಿದರೆ ಉಪ್ಪಿನ ಡಬ್ಬಿಯನ್ನೇ ತಂದು ತಟ್ಟೆ ಪಕ್ಕ ಇಟ್ಟು ನಗುತ್ತ ಹೋಗುತ್ತಿದ್ದಳು. ಮದುವೆಯಾಗಿ ಆರು ವರ್ಷ, ಮಕ್ಕಳಾಗಿರಲಿಲ್ಲ. ಅಮ್ಮ ಹೋಗದ ದೇವಸ್ಥಾನ ಇಲ್ಲ, ಧನ್ಯಶ್ರೀ ನುಂಗದ ಮಾತ್ರೆ ಇಲ್ಲ.

ವಿಶ್ವಾರಾಧ್ಯ ಮಿಷನ್ ಕೊಡುವುದಕ್ಕೆ ಎರಡು ವಾರ ಮುಂಚೆ ಹೀಗಾಯಿತು. ಕಡೂರಿನಲ್ಲಿ ಒಬ್ಬ ಲೇಡಿ ಡಾಕ್ಟರ ಶಾಪಿನಲ್ಲಿ, ರೋಗಿಗಳು ಕೂರುವ ಕಡೆ, ನಾನು ಗೋಡೆಗೆ ಟಿವಿ ಹಾಕುತ್ತಿದ್ದೆ. ಏಣಿಯ ಮೇಲಿಂದ ತಿರುಗಿ ನೋಡಿದರೆ ಬೆಂಚಿನ ಮೇಲೆ ತಿಮ್ಮೇಶ, ಪಕ್ಕದಲ್ಲಿ ಧನ್ಯಶ್ರೀ. ಅವನ ಕೈಯಲ್ಲಿ ಒಂದು ಫೈಲು. ಅವನ ಮುಖದಲ್ಲಿ ಇದ್ದ ಕಳೆಯನ್ನು ನಾನು ಅವನ ಮದುವೆಯ ದಿನವೂ ನೋಡಿರಲಿಲ್ಲ. ನರ್ಸಮ್ಮ ಒಬ್ಬಳು ಬಂದು, ಎಂಟು ವಾರ ಆಯ್ತಲ್ಲ, ಭಾರ ಎತ್ತಬೇಡ ಅಂತ ಹೇಳಿದ್ದು ನನಗೆ ಕೇಳಿಸಿತು. ನಾನು ಮುಖ ಗೋಡೆ ಕಡೆ ತಿರುಗಿಸಿಕೊಂಡು ಸ್ಕ್ರೂ ಬಿಗಿಯುತ್ತ ನಿಂತೆ. ಅವರು ಹೋಗುವವರೆಗೂ ಏಣಿ ಇಳಿಯಲಿಲ್ಲ.

ಅವತ್ತು ಸಂಜೆ ಮನೆಯಲ್ಲಿ ನನಗೆ ಹೇಳುತ್ತಾರೆ ಅಂದುಕೊಂಡೆ. ಹೇಳಲಿಲ್ಲ. ಮೂರು ತಿಂಗಳು ತುಂಬುವವರೆಗೆ ಹೊರಗೆ ಬಾಯಿ ಬಿಡಬಾರದು, ದೃಷ್ಟಿಯಾಗುತ್ತದೆ ಅನ್ನುವುದು ನನಗೂ ಗೊತ್ತು. ಆದರೆ ಹೊರಗಿನವರು ಅಂದರೆ ಯಾರು? ಅಮ್ಮನಿಗೆ ಗೊತ್ತಿತ್ತು. ಅವಳು ಧನ್ಯಶ್ರೀ ಕೈಯಿಂದ ಬಿಂದಿಗೆ ಕಿತ್ತುಕೊಂಡು ತಾನೇ ಎತ್ತುತ್ತಿದ್ದಳು. ಅಪ್ಪ ಸತ್ತಾಗ ತಿಮ್ಮೇಶನಿಗೆ ಹತ್ತು ವರ್ಷ. ಅವನನ್ನು ಓದಿಸಿದ್ದು ನಾನು, ಅವನಿಗೆ ಹೆಣ್ಣು ನೋಡಿದ್ದು ನಾನು. ಆ ಮನೆಯಲ್ಲಿ ನಾನೊಬ್ಬ ದೃಷ್ಟಿ ಹಾಕುವವನಾದೆನಲ್ಲ ಅಂತ ಹೊಟ್ಟೆ ಉರಿಯಿತು. ಮಕ್ಕಳಿಲ್ಲದವನು, ಮದುವೆ ಆಗದವನು, ಇವನಿಗೆ ಯಾಕೆ ಹೇಳಬೇಕು ಅಂದುಕೊಂಡಿದ್ದಾರೆ ಅಂತ ನಾನೇ ಕಲ್ಪಿಸಿಕೊಂಡೆ. ನೀವು ಹೇಳದಿದ್ದರೆ ನನಗೆ ಗೊತ್ತೇ ಇಲ್ಲ, ಸರಿ ಹೋಯಿತಲ್ಲ. ಇದು ಚಿಕ್ಕ ಮಕ್ಕಳ ಸಿಟ್ಟು. ನನಗೆ ಇದ್ದದ್ದೇ ಅದು.

ಮಿಷನ್ ಬಂದ ನಾಲ್ಕನೆಯ ದಿನ ಅಮ್ಮ ತರೀಕೆರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಚಿಕ್ಕಮ್ಮನ ಮಂಡಿ ಆಪರೇಷನ್ ಆಗಿತ್ತು, ನಾಲ್ಕು ದಿನ ಇದ್ದು ಬರುತ್ತೇನೆ ಅಂತ ಹೋಗಿದ್ದಳು. ಲೈನ್ ರಿಪೇರಿ ಅಂತ ಬೆಳಿಗ್ಗೆಯಿಂದ ಸಂಜೆಯವರೆಗೆ ಕರೆಂಟು ಇಲ್ಲ. ಅಂಥ ದಿನ ಬ್ಯಾಟರಿ ಮಿಷನ್ ಎಷ್ಟು ಬಾಳುತ್ತದೆ ಅನ್ನುವುದೇ ಅದರ ನಿಜವಾದ ಪರೀಕ್ಷೆ. ಹಿಂದಿನ ದಿನವೇ ಎರಡೂ ಬ್ಯಾಟರಿ ತುಂಬಿಸಿಟ್ಟಿದ್ದೆ. ಹೊರಗೆ ಎಲ್ಲೂ ಕೆಲಸ ಇರಲಿಲ್ಲ.

ಊರಿನ ಗೋಡೆಗೆಲ್ಲ ಸಾಮಾನು ಕೂರಿಸುವವನ ಮನೆಯಲ್ಲಿ ಏನೂ ಕೂತಿರಲಿಲ್ಲ. ಧನ್ಯಶ್ರೀ ಎರಡು ವರ್ಷದಿಂದ ಅಡುಗೆಮನೆಗೆ ಒಂದು ರ್‍ಯಾಕ್ ಹಾಕಿಕೊಡಿ ಬಾವ ಅಂತ ಕೇಳುತ್ತಿದ್ದಳು. ತಂದ ರ್‍ಯಾಕು ಪ್ಯಾಕೆಟ್ ಸಮೇತ ಮಂಚದ ಕೆಳಗೆ ಇತ್ತು. ಎರಡು ಕಿಟಕಿಗೆ ಕರ್ಟನ್ ರಾಡು, ಅವಳ ಕನ್ನಡಿ, ಟಿವಿ, ಬಟ್ಟೆ ಹಾಕುವ ಹ್ಯಾಂಗರ್ ಹಲಗೆ, ಜಗಲಿಯಲ್ಲಿ ಹಗ್ಗಕ್ಕೆ ಎರಡು ಕೊಂಡಿ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಲೆಕ್ಕ ಮಾಡಿದೆ, ಒಟ್ಟು ಇಪ್ಪತ್ತೆರಡು ತೂತು. ಇಟ್ಟಿಗೆ, ಬ್ಲಾಕು, ಕಿಟಕಿ ಮೇಲಿನ ಕಾಂಕ್ರೀಟು, ಮೂರೂ ಒಂದೇ ಮನೆಯಲ್ಲಿ ಸಿಕ್ಕವು.

ನಾನು ಮಿಷನ್ನಿಗೆ ಬಿಟ್ ಹಾಕುವಾಗ ಧನ್ಯಶ್ರೀ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ಬಾವ, ಇವತ್ತೇ ಆಗ್ಬೇಕಾ? ಅತ್ತೆ ಬರ್ಲಿ ಬಿಡಿ, ಆಮೇಲ್ ಹಾಕಿದ್ರಾಯ್ತು.”

ಅಷ್ಟೇ ಅಂದಳು. ಇನ್ನೂ ಹೆಚ್ಚು ಹೇಳಿದರೆ ಹೇಳಬಾರದ್ದನ್ನು ಹೇಳಿದಂತಾಗುತ್ತಿತ್ತು. ಮೂರು ತಿಂಗಳು ತುಂಬುವುದಕ್ಕೆ ಇನ್ನೂ ಹತ್ತು ಹನ್ನೆರಡು ದಿನ ಇತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಅರ್ಥ ಮಾಡಿಕೊಳ್ಳಲಿ ಅಂತ. ಅರ್ಥವಾಗಿತ್ತು ನನಗೆ. ಆ ಹೊತ್ತಿನಲ್ಲಿ ಸುಮ್ಮನೆ ಮಿಷನ್ ಕೆಳಗಿಟ್ಟು ಎದ್ದು ಹೋಗಿದ್ದರೆ ಮುಗಿದುಹೋಗುತ್ತಿತ್ತು. ನಾನೇನು ಮಾಡಿದೆ? ಎರಡು ವರ್ಷ ಬೇಕು ಬೇಕು ಅಂತ ಪ್ರಾಣ ತಿಂದು ಈಗ ಬೇಡ ಅಂತೀಯಾ, ಹೋಗಿ ಮೊರ ತಂದು ಹಿಡ್ಕೊ, ಧೂಳು ಬೀಳುತ್ತೆ ಅಂತ ಗದರಿದೆ. ಅವಳು ಒಂದು ಗಳಿಗೆ ನಿಂತಳು. ಆಮೇಲೆ ಹೋಗಿ ಮೊರ ತಂದಳು.

ಇಪ್ಪತ್ತೆರಡು ತೂತಿಗೂ ಅವಳೇ ಮೊರ ಹಿಡಿದಳು. ಕೆಂಪು ಇಟ್ಟಿಗೆ ಪುಡಿ ಅವಳ ಬಳೆಯ ಮೇಲೆಲ್ಲ ಕೂತಿತ್ತು. ಮಿಷನ್ ಕುಟ್ಟಲು ಶುರುಮಾಡಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ಧೂಳಿಗೆ ಅಂತ ನಾನು ಅಂದುಕೊಂಡೆ. ಅಂದುಕೊಳ್ಳುವುದಕ್ಕೆ ಏನು, ಏನು ಬೇಕಾದರೂ ಅಂದುಕೊಳ್ಳಬಹುದು. ಕಿಟಕಿ ಮೇಲಿನ ಕಾಂಕ್ರೀಟಿಗೆ ಮಾತ್ರ ಮಿಷನ್ ಸ್ವಲ್ಪ ಹೆಣಗಿತು, ಒಂದೊಂದು ತೂತಿಗೂ ಎರಡು ನಿಮಿಷ. ಉಳಿದದ್ದೆಲ್ಲ ಬೆಣ್ಣೆ. ಒಂದೇ ಬ್ಯಾಟರಿಯಲ್ಲಿ ಅಷ್ಟೂ ಕೆಲಸ ಮುಗಿದು ಇನ್ನೂ ಒಂದು ಕಡ್ಡಿ ಚಾರ್ಜು ಉಳಿದಿತ್ತು. ನನಗೆ ಖುಷಿಯಾಗಿತ್ತು, ಅದನ್ನೂ ಹೇಳಬೇಕು. ಧನ್ಯಶ್ರೀ ಮಸಾಲೆ ಡಬ್ಬಿಗಳನ್ನು ರ್‍ಯಾಕಿನಲ್ಲಿ ಜೋಡಿಸಿ, ಚೆನ್ನಾಗೈತೆ ಬಾವ ಅಂದಳು.

ಎರಡು ದಿನ ಬಿಟ್ಟು, ಮಧ್ಯಾಹ್ನ, ಅವಳಿಗೆ ರಕ್ತ ಹೋಗಲು ಶುರುವಾಯಿತು. ನಾನೇ ಆಟೊ ಕರೆದು ಆಸ್ಪತ್ರೆಗೆ ಸೇರಿಸಿದೆ. ತಿಮ್ಮೇಶ ತರೀಕೆರೆಯಿಂದ ಮಿಲ್ಲಿನ ಬಟ್ಟೆಯಲ್ಲೇ ಬಂದ, ತಲೆಯೆಲ್ಲ ತೌಡು. ಮಗು ಉಳಿಯಲಿಲ್ಲ. ಡಾಕ್ಟರು ಅವನನ್ನೂ ನನ್ನನ್ನೂ ಕೂರಿಸಿಕೊಂಡು, ಇದು ಯಾರ ತಪ್ಪೂ ಅಲ್ಲ, ಮಗು ಎರಡು ವಾರದಿಂದಲೇ ಬೆಳೆಯುತ್ತಿರಲಿಲ್ಲ, ಹೀಗೆ ಎಷ್ಟೋ ಜನಕ್ಕೆ ಆಗುತ್ತದೆ, ಮತ್ತೆ ಆಗುತ್ತದೆ ಬಿಡಿ ಅಂತ ಹೇಳಿದರು. ತಿಮ್ಮೇಶ ತಲೆ ಆಡಿಸಿದ. ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ.

ಅವಳನ್ನು ಮನೆಗೆ ಕರೆದುಕೊಂಡು ಬಂದ ದಿನವೇ ಅಮ್ಮನೂ ಬಂದಳು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳು ಸೊಸೆಯನ್ನು ನೋಡುವ ಮುಂಚೆ ಗೋಡೆಗಳನ್ನು ನೋಡಿದಳು. ಕರ್ಟನ್ನು ನೋಡಿದಳು, ಕನ್ನಡಿ ನೋಡಿದಳು, ಅಡುಗೆಮನೆಗೆ ಹೋಗಿ ರ್‍ಯಾಕು ನೋಡಿ ಬಂದಳು. ಆಮೇಲೆ ನಡುಮನೆಯಲ್ಲಿ ಕುಸಿದು ಕೂತಳು.

“ಯಾರ್ ಹೊಡ್ದಿದ್ದು ಇದ್ನೆಲ್ಲ? ಬಸ್ರಿ ಹೆಂಗ್ಸು ಇರೋ ಮನೇಲಿ.”

ತಿಮ್ಮೇಶ ನನ್ನ ಕಡೆ ನೋಡಿದ. ಚಾಪೆಯ ಮೇಲೆ ಮಲಗಿದ್ದ ಧನ್ಯಶ್ರೀಯೂ ನೋಡಿದಳು. ಏನು ಹೇಳಬೇಕು ಅಂತ ನಾನು ಯೋಚಿಸಲಿಲ್ಲ. ಯೋಚಿಸಿ ಹೇಳಿದ್ದರೆ ಅಷ್ಟು ಜೋರಾಗಿ ಹೇಳುತ್ತಿರಲಿಲ್ಲ.

“ನಂಗೇನ್ ಕನಸು ಬಿದ್ದಿತ್ತಾ? ನಂಗ್ ಯಾರಾದ್ರೂ ಹೇಳಿದ್ರಾ? ಅವ್ಳೇ ಮೊರ ಹಿಡ್ಕೊಂಡು ನಿಂತಿದ್ಲು. ಒಂದ್ ಮಾತು ಬೇಡ ಅಂದಿದ್ರೆ ನಾನ್ ಮುಟ್ತಿದ್ನಾ?”

ಅಷ್ಟು ಸಾಕಾಯಿತು. ಇಬ್ಬರ ಕಣ್ಣೂ ನನ್ನ ಮೇಲಿಂದ ಅವಳ ಮೇಲೆ ಹೋದವು. ಬಾಯಿ ಬಿದ್ದು ಹೋಗಿತ್ತಾ ನಿನಗೆ ಅಂತ ತಿಮ್ಮೇಶ ಕೇಳಿದ. ಆರು ವರ್ಷ ಅವಳ ಮೇಲೆ ದನಿ ಎತ್ತದವನು. ಧನ್ಯಶ್ರೀ ನನ್ನನ್ನೇ ನೋಡುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳಲ್ಲ, ಹಾಗೆಯೇ. ಅತ್ತೆ ಬರಲಿ ಅಂದಿದ್ದೆ ಅಂತ ಅವಳು ಹೇಳಬಹುದಿತ್ತು, ಹೇಳಲಿಲ್ಲ. ನಾನು ಎದ್ದು ಗಾಡಿ ತೆಗೆದುಕೊಂಡು ಹೊರಗೆ ಹೋದೆ.

ಆಮೇಲೆ ನಾನು ಒಂದು ದಿನವೂ ಆ ವಿಷಯ ಎತ್ತಲಿಲ್ಲ. ಎತ್ತುವ ಅಗತ್ಯ ಇರಲಿಲ್ಲ, ಅಮ್ಮ ಇದ್ದಳು. ಅಮ್ಮ ಕೆಟ್ಟವಳಲ್ಲ. ಆರು ವರ್ಷ ಕಾದವಳು, ಯಾರ ಮೇಲಾದರೂ ಹಾಕಬೇಕಿತ್ತು. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ತೆಗೆಯುವಾಗ, ರ್‍ಯಾಕು ಬೇಕಾಗಿತ್ತು ರ್‍ಯಾಕು, ಈಗ ಜೋಡಿಸ್ಕೊ ಅನ್ನುತ್ತಿದ್ದಳು. ನೋಡಲು ಬಂದ ಹೆಂಗಸರ ಹತ್ತಿರ, ತಾನೇ ಮುಂದೆ ನಿಂತು ಹೊಡೆಸಿಕೊಂಡಳಂತೆ ಕಣೇ ಅನ್ನುತ್ತಿದ್ದಳು. ಕರ್ಟನ್ನುಗಳನ್ನು ಕಿತ್ತು ಹಾಕಿದಳು, ರಾಡು ಮಾತ್ರ ಉಳಿದವು. ತಿಮ್ಮೇಶ ಮನೆಗೆ ತಡವಾಗಿ ಬರತೊಡಗಿದ. ಧನ್ಯಶ್ರೀ ಎಲ್ಲರಿಗೂ ಹೊತ್ತು ಹೊತ್ತಿಗೆ ಬಡಿಸುತ್ತಿದ್ದಳು. ನನಗೂ ಬಡಿಸುತ್ತಿದ್ದಳು. ಒಂದು ದಿನ ಸಾರಿಗೆ ನಿಜವಾಗಿಯೂ ಉಪ್ಪಿರಲಿಲ್ಲ, ನಾನು ಮಾತಾಡದೆ ಉಂಡೆ. ಹತ್ತು ದಿನ ಹೀಗೆ ಕಳೆಯಿತು. ಹನ್ನೊಂದನೆಯ ದಿನ ಬುಕ್ಕಾಂಬುಧಿಯಿಂದ ಅವಳಪ್ಪ ಮುದ್ದಪ್ಪ ಬಂದು ಕರೆದುಕೊಂಡು ಹೋದರು. ಹೋಗುವಾಗ ಅವಳು ಅಮ್ಮನ ಕಾಲಿಗೆ ನಮಸ್ಕಾರ ಮಾಡಿದಳು, ನನಗೂ ಮಾಡಿದಳು.

ತಿಮ್ಮೇಶ ಎರಡು ಸಲ ಹೋಗಿ ಕರೆದ, ಬರಲಿಲ್ಲ. ಫೋನಿನಲ್ಲಿ ಹೂಂ, ಉಹೂಂ ಬಿಟ್ಟು ಮಾತಿಲ್ಲ. ಹೀಗೇ ಬಿಟ್ಟರೆ ಪಂಚಾಯ್ತಿ, ಕೋರ್ಟು ಅಂತ ಆಗುತ್ತದೆ, ನೀನು ಹಿರಿಯವನು, ನೀನು ಹೋಗಿ ಕರೆದರೆ ಬಂದಾಳು ಅಂತ ಅಮ್ಮ ನನ್ನ ಬೆನ್ನು ಹತ್ತಿದಳು. ಮೊನ್ನೆ ಭಾನುವಾರ ಹೋದೆ. ಕರೆಯಲು ಅಲ್ಲ, ಹೇಳಲು ಹೋದೆ. ನನಗೆ ಗೊತ್ತಿತ್ತು ಕಣಮ್ಮ, ಗೊತ್ತಿದ್ದೂ ಹೊಡೆದೆ, ಗೊತ್ತಿದ್ದೂ ಸುಳ್ಳು ಹೇಳಿದೆ ಅಂತ ಅವಳ ಮುಂದೆ ಹೇಳಿ ಕಾಲು ಹಿಡಿಯಬೇಕಾದರೂ ಹಿಡಿಯುತ್ತೇನೆ ಅಂದುಕೊಂಡಿದ್ದೆ. ಅಜ್ಜಂಪುರ ದಾಟುವವರೆಗೂ ಗಾಡಿಯ ಮೇಲೆ ಅದನ್ನೇ ಬಾಯಿಪಾಠ ಮಾಡಿದೆ.

ಬುಕ್ಕಾಂಬುಧಿಯಲ್ಲಿ ಅವರ ಮನೆ ಕೆರೆ ಏರಿಗೆ ಹತ್ತಿರ. ಮುದ್ದಪ್ಪನವರು ಬನ್ನಿ ಬೀಗರೇ ಅಂತ ಕಾಲಿಗೆ ನೀರು ಕೊಟ್ಟರು, ಬೆಲ್ಲ ಕೊಟ್ಟರು. ಬೀಗಿತ್ತಿ ಒಳಗಿಂದ ಹೊರಗೆ ಬರಲಿಲ್ಲ. ಧನ್ಯಶ್ರೀ ಹಿತ್ತಿಲ ಜಗಲಿಯಲ್ಲಿ ಹುಣಸೆಹಣ್ಣಿನ ರಾಶಿ ಹಾಕಿಕೊಂಡು ಬೀಜ ಬಿಡಿಸುತ್ತಿದ್ದಳು. ಮುದ್ದಪ್ಪನವರು ನಮ್ಮಿಬ್ಬರನ್ನು ಬಿಟ್ಟು ಮುಂಬಾಗಿಲಿಗೆ ಹೋದರು. ನಾನು ಅವಳ ಎದುರು ಕಲ್ಲಿನ ಮೇಲೆ ಕೂತೆ. ಬಾಯಿಪಾಠ ಮಾಡಿದ್ದು ಒಂದೂ ನೆನಪಾಗಲಿಲ್ಲ. ಧನ್ಯಾ, ನಂಗೆ, ಅಂತ ಶುರುಮಾಡಿ ನಿಲ್ಲಿಸಿದೆ.

ಅವಳೇ ಮಾತಾಡಿದಳು. ಕೈ ನಿಲ್ಲಿಸದೆ, ತಲೆ ಎತ್ತದೆ.

“ಗೊತ್ತಿತ್ತು ನಿಮ್ಗೆ. ಡಾಕ್ಟ್ರು ಶಾಪಲ್ಲಿ ಏಣಿ ಮೇಲಿಂದ ನೋಡಿದ್ರಿ, ನಾನೂ ನಿಮ್ಮನ್ನ ನೋಡ್ದೆ. ಬಾವಂಗೆ ಗೊತ್ತಾಗೋಯ್ತು ಅಂತ ಇವ್ರಿಗೆ ಹೇಳ್ಲಿಲ್ಲ ನಾನು. ನೀವ್ ಮುಖ ತಿರುಗಿಸ್ಕೊಂಡ್ರಲ್ಲ, ನಮ್ ಮಾನ ಕಾಯಕೇ ಅಂದ್ಕೊಂಡೆ.”

ನನಗೆ ಅವಳ ಮುಖ ನೋಡಲು ಆಗಲಿಲ್ಲ. ಹಾಗಾದರೆ ಅವತ್ತೇ ಎಲ್ಲರ ಮುಂದೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಹೇಳಿದ್ದರೆ ಯಾರು ನಂಬುತ್ತಿದ್ದರು, ತಾನು ಕಳಕೊಂಡು ಬಾವನ ಮೇಲೆ ಹೊರಿಸುತ್ತಿದ್ದಾಳೆ ಅನ್ನುತ್ತಿದ್ದರು ಅಂದಳು. ಡಾಕ್ಟರು ಅವಳಿಗೂ ಅದನ್ನೇ ಹೇಳಿದ್ದರು, ಅವಳಿಗೆ ಅದು ಪೂರ್ತಿ ಕೇಳಿಸಿತ್ತು. ತೂತಿನಿಂದ ಮಗು ಹೋಯಿತು ಅಂತ ಅವಳು ನಂಬಿರಲಿಲ್ಲ, ಈಗಲೂ ನಂಬುವುದಿಲ್ಲವಂತೆ. ನೀವು ಹೊಡೆದದ್ದಕ್ಕೆ ಸಿಟ್ಟಿಲ್ಲ ಅಂದಳು. ಹತ್ತು ದಿನ ಬಡಿಸುತ್ತ ಕಾದೆ, ಇವತ್ತು ಹೇಳುತ್ತೀರಿ, ನಾಳೆ ಹೇಳುತ್ತೀರಿ ಅಂತ ಕಾದೆ ಅಂದಳು. ಆಗ ಮೊದಲ ಸಲ ಬೀಜ ಬಿಡಿಸುವುದನ್ನು ನಿಲ್ಲಿಸಿದಳು.

ಈಗ ಹೇಳುತ್ತೇನೆ ಕಣಮ್ಮ, ನಂದೇ ತಪ್ಪು, ಅಂದೆ. ಅವಳು ಹುಣಸೆ ಅಂಟಿದ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ನನ್ನ ಕಡೆ ನೋಡಿದಳು.

“ನನ್ ಮುಂದೆ ಹೇಳಿ ಏನ್ ಬಂತು ಬಾವ. ನಂಗೊತ್ತಿರೋದೇಯ. ಅಲ್ಲಿ ಹೇಳಿ, ಅತ್ತೆ ಮುಂದೆ, ಇವ್ರ ಮುಂದೆ. ಹೇಳಿದ್ ದಿನ ಇವ್ರನ್ನ ಕಳ್ಸಿ. ಬಟ್ಟೆ ಚೀಲ ಕಟ್ಟೇ ಇಟ್ಟಿದೀನಿ, ಬತ್ತೀನಿ.”

ಇವತ್ತೇ ಹೇಳುತ್ತೇನೆ, ಸಂಜೆ ಬಸ್ಸಿಗೆ ಅವನನ್ನು ಕಳಿಸುತ್ತೇನೆ ಅಂತ ಮಾತು ಕೊಟ್ಟು ಎದ್ದೆ. ಅವಳು ನಂಬಿದಳು. ಊಟ ಮಾಡಿ ಹೋಗಿ ಅಂದಳು. ಬೇಡ, ಹೇಳಿಯೇ ಊಟ ಮಾಡುತ್ತೇನೆ ಅಂದೆ. ಆಗ ಒಂದು ಚೂರು ನಕ್ಕಳು.

ವಾಪಸ್ ಬರುವಾಗ ನನಗೆ ಒಂದು ಹೆಗಲ ಭಾರ ಇಳಿದಂತಿತ್ತು. ಅಜ್ಜಂಪುರದಲ್ಲಿ ನಿಲ್ಲಿಸಿ ಟೀ ಕುಡಿದೆ. ಹೇಳಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದೆ. ತಿಮ್ಮೇಶ ಹೊಡೆಯಬಹುದು, ಹೊಡೆಯಲಿ. ಅಮ್ಮ ಆ ಮಾತುಗಳನ್ನೆಲ್ಲ ಇನ್ನು ನನಗೆ ಹೇಳುತ್ತಾಳೆ, ಹೇಳಲಿ. ಬೇರೆ ಹೋಗು ಅಂದರೆ ಹೋದರಾಯಿತು, ಒಂಟಿ ಮನುಷ್ಯನಿಗೆ ಎಲ್ಲಾದರೂ ಒಂದು ರೂಮು ಸಿಗುತ್ತದೆ. ಎಲ್ಲಕ್ಕೂ ನನ್ನ ಹತ್ತಿರ ಉತ್ತರ ಇತ್ತು. ಅಲ್ಲಿಂದ ಕಡೂರಿನವರೆಗೆ ಮತ್ತೆ ಅದೇ ಮಾತನ್ನು ಜೋರಾಗಿಯೇ ಹೇಳಿಕೊಂಡು ಬಂದೆ. ಗಾಳಿಯಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಮನೆಯ ಮುಂದೆ ಗಾಡಿ ನಿಲ್ಲಿಸುವಾಗ ಎರಡು ಗಂಟೆ ದಾಟಿತ್ತು. ಇಬ್ಬರೂ ಜಗಲಿಯಲ್ಲೇ ಕೂತಿದ್ದರು. ತಿಮ್ಮೇಶ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಷರಟು ಹಾಕಿಕೊಂಡಿದ್ದ. ನಾನು ಅವಳನ್ನು ಹಿಂದೆ ಕೂರಿಸಿಕೊಂಡು ಬರುತ್ತೇನೆ ಅಂತ ಕಾಯುತ್ತಿದ್ದನೇನೋ. ಖಾಲಿ ಸೀಟು ನೋಡಿದ. ಎದ್ದು ನಿಂತ. ಅಮ್ಮ ಕೇಳಿದಳು.

“ಏನಂದ್ಲೋ?”

ಈಗ, ಅಂದುಕೊಂಡೆ. ಬಾಯಿ ತೆರೆದೆ. ನಾಲಿಗೆಯ ತುದಿಯಲ್ಲಿ ಇತ್ತು. ತಿಮ್ಮೇಶನ ಮುಖ ನೋಡಿದೆ. ಅವನು ಚಿಕ್ಕವನಿದ್ದಾಗ ರಿಸಲ್ಟಿನ ದಿನ ನನ್ನ ಕೈ ಹಿಡಿದುಕೊಂಡು ನೋಟೀಸ್ ಬೋರ್ಡು ನೋಡುತ್ತಿದ್ದನಲ್ಲ, ಆ ಮುಖ. ಈ ಜಗತ್ತಿನಲ್ಲಿ ನನ್ನನ್ನು ಹಾಗೆ ನೋಡುವವನು ಅವನೊಬ್ಬನೇ.

“ಬರಲ್ವಂತೆ,” ಅಂದೆ.

ಅಮ್ಮ ತಲೆ ಮೇಲೆ ಕೈ ಹೊತ್ತುಕೊಂಡಳು. ಎಷ್ಟು ಕೊಬ್ಬು ನೋಡು, ಹಿರಿಯವನು ಮನೆ ಬಾಗಿಲಿಗೆ ಹೋದರೂ ಬರಲಿಲ್ಲವಲ್ಲ ಅಂತ ಶುರುಮಾಡಿದಳು. ನಾನು ಹಾಗಲ್ಲಮ್ಮ ಅನ್ನಲಿಲ್ಲ. ತಿಮ್ಮೇಶ ಷರಟಿನ ಮೇಲಿನ ಗುಂಡಿ ಬಿಚ್ಚಿಕೊಂಡ. ಆಮೇಲೆ ಬಂದು ನನ್ನ ಭುಜ ಹಿಡಿದ.

“ಬಿಡಣ್ಣ. ನಿನ್ ಕೈಲಾಗಿದ್ ನೀನ್ ಮಾಡ್ದೆ. ಅವತ್ತಾದ್ಮೇಲೆ ಈ ಮನೇಲಿ ಅವ್ಳಿಗೆ ಒಂದ್ ಮಾತೂ ಅನ್ದೆ ಇದ್ದೋನು ನೀನೊಬ್ನೇಯ. ನಾನಾದ್ರೂ ಬಯ್ದೆ.”

ಅವನು ಅಳುತ್ತಿದ್ದ. ನಾನು ಅವನ ಬೆನ್ನು ತಟ್ಟಿದೆ. ಬಿಸಿಲಲ್ಲಿ ಹೋಗಿ ಬಂದವ್ನೆ, ಹೊಟ್ಟೆಗೆ ಏನೂ ಹಾಕಿಲ್ಲ ಅನ್ನುತ್ತ ಅಮ್ಮ ಒಳಗೆ ಹೋಗಿ ತಟ್ಟೆ ಇಟ್ಟಳು, ಬಿಸಿ ಮುದ್ದೆ, ಅವರೆಕಾಳು ಸಾರು, ಮೇಲೆ ಒಂದು ಚಮಚ ತುಪ್ಪ ಜಾಸ್ತಿ. ನಾನು ಕೈ ತೊಳೆದುಕೊಂಡು ಕೂತೆ. ಬುಕ್ಕಾಂಬು​ಧಿಯಲ್ಲಿ ಅವಳು ಸಂಜೆಯ ಬಸ್ಸು ನೋಡುತ್ತ ಕೂತಿರುತ್ತಾಳೆ ಅಂತ ಗೊತ್ತಿತ್ತು. ಮುದ್ದೆ ಮುರಿದೆ. ಅಮ್ಮ ಇನ್ನೊಂದು ಸೌಟು ಸಾರು ಹಾಕಲಾ ಅಂದಳು, ಹಾಕಿಸಿಕೊಂಡು ಉಂಡೆ.